ಹೊಸ ಲೈಸೆನ್ಸ್, ಅಪ್ಪನ ಕಾರು: ಮೊದಲ ವರ್ಷ ಏನು ನೋಡಿಕೊಳ್ಳಬೇಕು?

ನಿಮಗೆ 18, ಲೈಸೆನ್ಸ್ ಬಂದು ಎರಡು ವಾರ, ಕಾರು ಮತ್ತು ಇನ್ಶೂರೆನ್ಸ್ ಎರಡೂ ಅಪ್ಪನ ಹೆಸರಲ್ಲಿವೆ. ಓಡಿಸುವಾಗ ಏನು ಗಮನಿಸಬೇಕು, ನಿಮ್ಮ ಕೈಲಿ ಗುದ್ದಿದರೆ ಕ್ಲೈಮ್ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಮೊದಲು ಓಡಿಸುವ ಮಾತು.

ಕ್ಲಚ್ಚು, ಗೇರು, ರಿವರ್ಸು ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತವೆ. ನಿಂತ ಬಸ್ಸಿನ ಹಿಂದಿನಿಂದ ಯಾರಾದರೂ ಓಡಿ ಬರಬಹುದು, ಮುಂದಿನ ಕಾರಿನವನು ಎಡವೋ ಬಲವೋ ಎಂದು ತಡಕಾಡುತ್ತಿದ್ದಾನೆ ಎಂದು ಮೊದಲೇ ಗುರುತಿಸುವ ಕಣ್ಣು ಪಳಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಆ ಕೊರತೆ ತುಂಬಿಕೊಡುವುದು ಅಂತರ ಒಂದೇ. ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ.

ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಹಿಡಿಯುವ ಮೊದಲೇ 25 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿದ್ದರೂ ನಿಲ್ಲಲು ಇನ್ನೂ 20 ಮೀಟರ್ ಬೇಕು, ಒಟ್ಟು 45. ವೇಗ 80 ಆದರೆ ಅದೇ ಲೆಕ್ಕ 69ರ ಹತ್ತಿರ ಹೋಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ. ಹೊಸಬರಿಗೆ ಅಂದಾಜು ತಪ್ಪುವುದು ಇಲ್ಲೇ. ರಸ್ತೆ ಒದ್ದೆಯಾದರೆ ದೂರ ಇನ್ನೂ ಬೆಳೆಯುತ್ತದೆ.

ಓಡಿಸುತ್ತಾ ಮೀಟರ್ ಅಳೆಯಲಾಗದು, ಆದ್ದರಿಂದ ಎಣಿಸಿ. ಮುಂದಿನ ಕಾರು ಒಂದು ಕಂಬ ದಾಟಿದ ಕೂಡಲೇ ಮನಸ್ಸಿನಲ್ಲಿ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಅನ್ನಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಕಂಬ ತಲುಪಿದರೆ ತೀರಾ ಹತ್ತಿರವಿದ್ದೀರಿ ಎಂದರ್ಥ. ಮಳೆಯಲ್ಲಿ ಐದಾರು ಎಣಿಸಿ. ಬಿಟ್ಟ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ. ಕಾಲು ಸ್ವಲ್ಪ ಸಡಿಲಿಸಿ ಮತ್ತೆ ಮೂರು ಸೆಕೆಂಡ್ ಬಿಟ್ಟುಕೊಳ್ಳಿ.

ರಾತ್ರಿಗೂ ಇದೇ ಲೆಕ್ಕ. ಡಿಮ್ ಲೈಟಿನಲ್ಲಿ ರಸ್ತೆ ಸರಿಯಾಗಿ ಕಾಣುವುದು 50–60 ಮೀಟರ್ ಮಾತ್ರ. 80ರಲ್ಲಿ ಹೋಗುವವರಿಗೆ ನಿಲ್ಲಲು ಬೇಕಾದದ್ದು 69. ಅಂದರೆ ಕತ್ತಲಲ್ಲಿ ನಿಂತ ಲಾರಿ ಕಂಡ ಕ್ಷಣಕ್ಕೇ ತಡವಾಗಿರುತ್ತದೆ. ನ್ಯೂಜಿಲೆಂಡ್ 1987ರಲ್ಲೇ ಹೊಸ ಚಾಲಕರಿಗೆ ಹಂತಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿ ತಂದಾಗ ಕಟ್ಟುಪಾಡು ಹಾಕಿದ್ದರಲ್ಲಿ ಇವೆರಡೂ ಇದ್ದವು: ತಡರಾತ್ರಿ ಒಬ್ಬರೇ ಓಡಿಸುವುದು, ಗೆಳೆಯರನ್ನು ತುಂಬಿಕೊಂಡು ಹೋಗುವುದು. ನಿಮ್ಮಲ್ಲಿ ಅಂಥ ಕಾನೂನು ಇರಲಿ ಬಿಡಲಿ, ಮೊದಲ ಆರು ತಿಂಗಳು ಇವೆರಡನ್ನೂ ನೀವಾಗಿಯೇ ಬಿಡಿ. ಓರಗೆಯವರು ಪಕ್ಕದಲ್ಲಿ ಕೂತಾಗ ಮಾತಿಗೆ ತಿರುಗುವ ಮುಖ, ಕೆಣಕಿಗೆ ಏರುವ ವೇಗ, ಎರಡೂ ಹೊಸಬರ ಕೈಮೀರುತ್ತವೆ.

ಹೊರಡುವ ಮೊದಲು ಸೀಟಿಗೆ ಎರಡು ನಿಮಿಷ ಕೊಡಿ. ಅಪ್ಪನ ಅಳತೆಗೆ ಹೊಂದಿಸಿದ ಸೀಟು ನಿಮಗೆ ಸರಿಯಾಗುವುದಿಲ್ಲ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರಬೇಕು. ಬೆನ್ನು ಸೀಟಿಗೆ ಅಂಟಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಎಟುಕಬೇಕು. ಎದೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಇರಲಿ. ಏರ್‌ಬ್ಯಾಗ್ ಉಬ್ಬುವ ರಭಸಕ್ಕೆ ಅದಕ್ಕಿಂತ ಹತ್ತಿರ ಕೂತವರಿಗೆ ಅದೇ ಪೆಟ್ಟು ಕೊಡುತ್ತದೆ. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊಟ್ಟೆಯ ಮೇಲಿದ್ದರೆ ಗುದ್ದಿದಾಗ ಒಳಗಿನ ಅಂಗಗಳಿಗೆ ಗಾಯ. ಹಿಂದೆ ಕೂತವರೂ ಕಟ್ಟಲಿ, ಇಲ್ಲದಿದ್ದರೆ ಅವರ ಮೈ ಮುಂದಿನ ಸೀಟಿಗೇ ಬಂದು ಬಡಿಯುತ್ತದೆ.

ಇನ್ನು ಬ್ರೇಕು. ಎಬಿಎಸ್ ಇರುವ ಕಾರಿನಲ್ಲಿ ಜೋರಾಗಿ ಒತ್ತಿದಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಏನೋ ಮುರಿಯಿತೆಂದು ಬೆದರಿ ಕಾಲು ತೆಗೆಯುವವರು ಬಹಳ. ತೆಗೆಯಬೇಡಿ, ಒತ್ತಿ ಹಿಡಿದೇ ಸ್ಟೀರಿಂಗ್ ತಿರುಗಿಸಿ. ಚಕ್ರ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಂಡು ತಿರುಗುವ ಶಕ್ತಿ ಉಳಿಸುವುದೇ ಅದರ ಕೆಲಸ. ಖಾಲಿ ಮೈದಾನದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಗಂಟೆಗೆ 30ರಲ್ಲಿ ಒಮ್ಮೆ ಒತ್ತಿ ನೋಡಿ. ಆ ನಡುಕ ಕಾಲಿಗೆ ಪರಿಚಯವಾಗಲಿ.

ಈಗ ಇನ್ಶೂರೆನ್ಸು. ಥರ್ಡ್ ಪಾರ್ಟಿ ಅಂದರೆ ನಿಮ್ಮಿಂದ ಬೇರೆಯವರಿಗಾದ ಗಾಯ, ಸಾವು, ಆಸ್ತಿ ನಷ್ಟಕ್ಕೆ ಮಾತ್ರ. ನಿಮ್ಮ ಕಾರಿನ ಬಂಪರಿಗೆ ಅದರಿಂದ ಬಿಡಿಗಾಸೂ ಬಾರದು. ಅದಕ್ಕೆ ಕಾಂಪ್ರಹೆನ್ಸಿವ್ ಪಾಲಿಸಿ ಬೇಕು. ಅದರಲ್ಲೂ ಪ್ರತಿ ಕ್ಲೈಮಿಗೆ ಮೊದಲ ಒಂದಷ್ಟು ಮೊತ್ತ ನೀವೇ ಹಾಕಬೇಕು, ಅದೇ ಡಿಡಕ್ಟಿಬಲ್. ಅದನ್ನು ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆ ನಿಜ, ಆದರೆ ಹೊಸಬರ ಕೈಯಲ್ಲಿ ಹೆಚ್ಚಾಗಿ ಆಗುವುದು ಗೇಟಿಗೆ ತರಚುವಂಥ ಸಣ್ಣ ಪೆಟ್ಟುಗಳೇ; ಆ ಖರ್ಚೆಲ್ಲ ನಿಮ್ಮ ತಲೆಗೇ ಬರುತ್ತದೆ. ಸಣ್ಣ ತರಚಿಗೆ ಕ್ಲೈಮ್ ಮಾಡುವ ಮುನ್ನವೂ ಲೆಕ್ಕ ಹಾಕಿ: ಕೈಗೆ ಬರುವ ಹಣಕ್ಕಿಂತ ಕಳೆದುಕೊಳ್ಳುವ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ದೊಡ್ಡದಾಗಿರಬಹುದು.

ನಿಮ್ಮ ಪ್ರಶ್ನೆಯ ಉತ್ತರ ಅಪ್ಪನ ಪಾಲಿಸಿಯಲ್ಲಿ 'ಚಾಲಕರು' ಎಂಬ ಭಾಗದಲ್ಲಿದೆ. ಇವತ್ತೇ ತೆಗೆದು ಓದಿ. ಮಾಲೀಕರ ಒಪ್ಪಿಗೆಯಿಂದ ಓಡಿಸುವ, ಸರಿಯಾದ ಲೈಸೆನ್ಸ್ ಇರುವ ಯಾರಿಗಾದರೂ ಅನ್ವಯ ಎಂದಿದ್ದರೆ ನೀವು ಓಡಿಸಿದರೂ ರಕ್ಷಣೆ ಇದೆ. ಹೆಸರು ಬರೆದವರಿಗೆ ಮಾತ್ರ ಎಂದಿದ್ದರೆ, ಕಂಪನಿಗೆ ತಿಳಿಸಿ ನಿಮ್ಮ ಹೆಸರು ಸೇರಿಸಿ, ಸೇರಿದ್ದಕ್ಕೆ ಬರಹದಲ್ಲಿ ದಾಖಲೆ ಪಡೆಯುವವರೆಗೆ ಕಾರು ಮುಟ್ಟಬೇಡಿ. ಪ್ರೀಮಿಯಂ ಹೆಚ್ಚಾಗುತ್ತದೆಂದು, ದಿನವೂ ಓಡಿಸುವುದು ನೀವಾಗಿದ್ದರೂ ಮುಖ್ಯ ಚಾಲಕ ಅಪ್ಪನೇ ಎಂದು ಬರೆಸುವುದು ಸುಳ್ಳು ಮಾಹಿತಿ. ಅದು ಬಯಲಾದರೆ ಕ್ಲೈಮ್ ತಿರಸ್ಕಾರವಾಗಬಹುದು. ಕುಡಿದು ಓಡಿಸಿದರೆ, ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದರೆ, ತಿಳಿಸದೆ ಕಾರು ಮಾರ್ಪಡಿಸಿದರೆ ಕೂಡ ಅದೇ ಗತಿ.

ಗುದ್ದಿದ ಮೇಲೆ ಓಡಿಹೋಗಬೇಡಿ. ಹಜಾರ್ಡ್ ಲೈಟು ಹಾಕಿ, ಎಲ್ಲರನ್ನೂ ರಸ್ತೆಯಿಂದ ಆಚೆ ಕರೆತನ್ನಿ, ಗಾಯವಾಗಿದ್ದರೆ ಮೊದಲ ಫೋನು ಆಂಬ್ಯುಲೆನ್ಸಿಗೆ, ನಂತರ ಪೊಲೀಸರಿಗೆ. ವಾಹನ ಸರಿಸುವ ಮುನ್ನ ದೂರದಿಂದ ಇಡೀ ರಸ್ತೆ ಕಾಣುವ ಫೋಟೋ, ಹತ್ತಿರದಿಂದ ಪೆಟ್ಟಿನ ಫೋಟೋ, ಎರಡೂ ನಂಬರ್ ಪ್ಲೇಟುಗಳ ಫೋಟೋ ತೆಗೆಯಿರಿ. ನಡೆದದ್ದನ್ನು ಇದ್ದಂತೆ ಹೇಳಿ, ಆದರೆ ಪೂರ್ತಿ ತಪ್ಪು ನನ್ನದೇ ಎಂದು ಬರೆದುಕೊಡಬೇಡಿ. ಅದನ್ನು ತೀರ್ಮಾನಿಸುವವರು ಬೇರೆ ಇದ್ದಾರೆ. ಇನ್ಶೂರೆನ್ಸ್ ಕಂಪನಿಗೆ ಅದೇ ದಿನ ತಿಳಿಸಿ, ನಷ್ಟ ಅಂದಾಜು ಮಾಡುವ ಅವರ ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸಬೇಡಿ.

ಕೊನೆಗೆ ನೀರು ತುಂಬಿದ ರಸ್ತೆಯ ವಿಷಯ. ನೀರಿನ ನಡುವೆ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಗಾಳಿ ಎಳೆಯುವ ದಾರಿಯಿಂದ ನೀರು ಎಂಜಿನ್ನಿನ ಸಿಲಿಂಡರಿಗೆ ನುಗ್ಗಿರಬಹುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಕೀ ತಿರುಗಿಸಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಹೀಗೆ ಕೈಯಾರೆ ಕೆಡಿಸಿದ ಎಂಜಿನ್ನಿಗೆ ಮಾಮೂಲಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ಹಲವು ಕಂಪನಿಗಳು ಹಣ ಕೊಡುವುದಿಲ್ಲ, ಎಂಜಿನ್ ರಕ್ಷಣೆ ಬೇರೆಯಾಗಿ ಸೇರಿಸಿಕೊಂಡಿರಬೇಕು. ಕೀ ತೆಗೆದು, ಜನರನ್ನು ಇಳಿಸಿ, ಕಾರನ್ನು ತಳ್ಳಿಯೋ ಎಳೆಸಿಯೋ ಒಣ ಜಾಗಕ್ಕೆ ತನ್ನಿ.