ಸಂಪಾದಕರ ಉತ್ತರ: ಮುಖ ಮಾಸಿದ ಹೋಗಾರ್ತ್

ಮಾನ್ಯರೇ,

ನಿಮ್ಮ ಪತ್ರದ ಸಾರ ಇಷ್ಟು. ಮಗಳು ಲಂಡನ್ನಿನ ಸಂತೆಯಲ್ಲಿ ಕೊಂಡ ಬಿಡಿ ಹಾಳೆಯೊಂದು ನಿಮ್ಮಲ್ಲಿದೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ವಿಡಂಬನ ಚಿತ್ರಕಾರ ವಿಲಿಯಂ ಹೋಗಾರ್ತ್ ‘ಹ್ಯುಡಿಬ್ರಾಸ್’ ಎಂಬ ವಿಡಂಬನ ಕಾವ್ಯಕ್ಕೆ ಕೆತ್ತಿದ ಚಿತ್ರ, ಅದರಲ್ಲೊಂದು ಗದ್ದಲದ ಮೆರವಣಿಗೆ. ಮೂಲೆಯಲ್ಲಿ ಯಾರೋ ಪೆನ್ಸಿಲ್ಲಿನಿಂದ 1726 ಎಂದು ಬರೆದಿದ್ದಾರೆ. ಅಗಲ ಒಂದಡಿಗೂ ಹೆಚ್ಚು, ಹಿಂಬದಿ ಖಾಲಿ, ಪುಟಸಂಖ್ಯೆ ಇಲ್ಲ. ಬಟ್ಟೆಬರೆ ಕಪ್ಪಗೆ ಕಾಣುತ್ತದೆ, ಮುಖಗಳು ಮಾತ್ರ ಮಾಸಿವೆ. ಬೆಳಕಿಗೆ ಹಿಡಿದರೆ ಕಾಗದದೊಳಗೆ ಯಾವ ಗೆರೆಯೂ ಕಾಣದು. “ಮುನ್ನೂರು ವರ್ಷದ ಮಸಿ ಮಾಸದೆ ಇರುತ್ತದೆಯೇ? ಬ್ಲೀಚ್ ಮಾಡಿಸಿದರೆ ಸರಿಹೋದೀತೇ?” ಎಂದು ಕೇಳಿದ್ದೀರಿ.

ಆ ಮಸಿ ಮಾಸುವಂಥದ್ದಲ್ಲ. ಕಾಯಿಸಿ ಗಟ್ಟಿಮಾಡಿದ ಅಗಸೆ ಎಣ್ಣೆಯಲ್ಲಿ ಇದ್ದಿಲಿನಂಥ ಕಪ್ಪುಪುಡಿ ಅರೆದು ಮಾಡಿದ್ದು. ಬಿಸಿಲಿಗೆ ಕಾಗದ ಹಳದಿಯಾದೀತು, ಈ ಕಪ್ಪು ಹೋಗದು. ಸವೆದದ್ದು ಚಿತ್ರವನ್ನು ಕೆತ್ತಿ ಅಚ್ಚುಹಾಕಿದ ತಾಮ್ರದ ಫಲಕ. ನಿಮ್ಮ ಹಾಳೆ ಅಚ್ಚಾದ ದಿನವೇ ಆ ಮುಖಗಳು ಮಂಕಾಗಿದ್ದವು.

ಏಕೆಂದರೆ, ಹೋಗಾರ್ತ್ ಎರಡು ಬಗೆಯ ಗೆರೆ ಬೆರೆಸುತ್ತಿದ್ದ. ಮೊದಲು ತಾಮ್ರವನ್ನು ಬಿಸಿಮಾಡಿ ಮೇಣ, ರಾಳ ಬೆರೆಸಿದ ತೆಳು ಲೇಪ ಹಚ್ಚಿ, ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡುವುದು. ಸೂಜಿಯಿಂದ ಗೀರಿದಲ್ಲೆಲ್ಲ ತಾಮ್ರ ಹೊಳೆಯುತ್ತದೆ. ಅಂಚಿಗೆ ಮೇಣದ ಕಟ್ಟೆ ಕಟ್ಟಿ, ನೀರು ಬೆರೆಸಿದ ನೈಟ್ರಿಕ್ ಆಮ್ಲ ಸುರಿದರೆ ಗೀರಿದಷ್ಟೂ ಕೊರೆಯುತ್ತದೆ. ಗುಳ್ಳೆಗಳನ್ನು ಹಕ್ಕಿಗರಿಯಿಂದ ಸವರುತ್ತಿರಬೇಕು, ಬಿಟ್ಟರೆ ಗೆರೆ ಚುಕ್ಕಿಚುಕ್ಕಿಯಾಗುತ್ತದೆ. ಕೆನ್ನೆಯ ನೆರಳಿನಂಥ ತೆಳುಗೆರೆ ಸಾಕಷ್ಟು ಕೊರೆದೊಡನೆ ಆಮ್ಲ ಚೆಲ್ಲಿ, ಅಲ್ಲಿಗೆ ವಾರ್ನಿಷ್ ಬಳಿದು ಮುಚ್ಚಿ, ಉಳಿದದ್ದಕ್ಕೆ ಮತ್ತೆ ಆಮ್ಲ. ಕೋಟಿನ ಮಡಿಕೆ, ಗೋಡೆಯ ಕತ್ತಲೆಗಳು ಹೀಗೆ ಆಳವಾಗುತ್ತವೆ. ಕೊನೆಗೆ ಬ್ಯೂರಿನ್ ಎಂಬ ಚೂಪು ಉಳಿಯಿಂದ ಗೆರೆಗಳನ್ನು ಬಿಗಿಮಾಡುವುದು. ಬೆಳ್ಳಿ ಕೆತ್ತುವವನ ಬಳಿ ಶಿಷ್ಯನಾಗಿದ್ದವನಿಗೆ ಅದು ಕೈಪಳಗಿದ ಕೆಲಸ.

ಅಚ್ಚು ಹಾಕುವಾಗ ಫಲಕವನ್ನು ಬೆಚ್ಚಗೆ ಮಾಡಿ, ಗೆರೆಯೊಳಗೆ ಹೊಕ್ಕುವಂತೆ ಮಸಿ ತಟ್ಟಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಆಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ ಅಂಗೈಯಿಂದಲೂ ಒರೆಸಬೇಕು. ನೆನೆಸಿದ ಕಾಗದ, ಮೇಲೆ ಕಂಬಳಿ, ಆಮೇಲೆ ಎರಡು ರೋಲರುಗಳ ನಡುವಿನ ಒತ್ತಡ. ಪ್ರತಿ ಹಾಳೆಗೂ ಇದೇ ಉಜ್ಜಾಟ. ನೂರಾರು ಹಾಳೆ ಮುಗಿಯುವಷ್ಟರಲ್ಲಿ ಆಳವಿಲ್ಲದ ಗೆರೆಗಳು ಸವೆದು ಮಸಿ ಹಿಡಿಯುವುದನ್ನೇ ಬಿಡುತ್ತವೆ. ವಿಡಂಬನೆಗೆ ಇದು ದೊಡ್ಡ ಪೆಟ್ಟು: ಬಿಗಿದ ತುಟಿ, ಕಳ್ಳನೋಟ, ಊದಿದ ಕೆನ್ನೆ ಎಲ್ಲ ಇರುವುದು ಆ ತೆಳುಗೆರೆಗಳಲ್ಲೇ. ಕೋಟು ಉಳಿಯುತ್ತದೆ, ಅದರೊಳಗಿನ ಕಪಟಿ ಕಾಣೆಯಾಗುತ್ತಾನೆ.

ನಿಮ್ಮ ಚಿತ್ರವನ್ನೇ ನೋಡಿ. ನೀವು ವರ್ಣಿಸಿದ ಮೆರವಣಿಗೆ ‘ಸ್ಕಿಮಿಂಗ್‌ಟನ್’, ಹೆಂಡತಿಯ ಕೈಯಲ್ಲಿ ಏಟು ತಿಂದ ಗಂಡನನ್ನು ಊರವರು ಲೇವಡಿ ಮಾಡುವ ಪದ್ಧತಿ. ಒಂದೇ ಕುದುರೆಯ ಮೇಲೆ ಹೆಂಡತಿ ಮುಂದೆ, ಗಂಡ ಬಾಲದ ಕಡೆ ಮುಖಮಾಡಿ ನೂಲುವ ಕೋಲು ಹಿಡಿದು ಹಿಂದೆ. ಲಂಗವೇ ಬಾವುಟ, ಪಾತ್ರೆಪಡಗವೇ ವಾದ್ಯ. ಸ್ಯಾಮ್ಯುಯೆಲ್ ಬಟ್ಲರನ ಕಾವ್ಯದಲ್ಲಿ ಪ್ರೆಸ್ಬಿಟೀರಿಯನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ವೀರ ಹ್ಯುಡಿಬ್ರಾಸ್ ಇದೇನೋ ಅಧರ್ಮದ ಆಚರಣೆ ಎಂದುಕೊಂಡು ತಡೆಯಹೋಗಿ ಮೊಟ್ಟೆಯೇಟು ತಿನ್ನುತ್ತಾನೆ. ಅವನ ಮುಖದ ಗಾಂಭೀರ್ಯ ಕಾಣದಿದ್ದರೆ ಉಳಿಯುವುದು ಬರೀ ಜಾತ್ರೆ.

ಹಿಂಬದಿ ಖಾಲಿ ಇರುವುದು ದೋಷವಲ್ಲ. ಅಚ್ಚುಮೊಳೆಯಲ್ಲಿ ಮಸಿ ನಿಲ್ಲುವುದು ಉಬ್ಬಿನ ಮೇಲೆ, ತಾಮ್ರದಲ್ಲಿ ತಗ್ಗಿನೊಳಗೆ. ಮರದಚ್ಚನ್ನು ಮೊಳೆಗಳ ಜೊತೆಗೇ ಕೂರಿಸಬಹುದು, ತಾಮ್ರಕ್ಕೆ ಬೇರೆ ಯಂತ್ರವೇ ಬೇಕು. ಹಾಗಾಗಿ ಪುಸ್ತಕದ ತಾಮ್ರಚಿತ್ರಗಳನ್ನು ಸಾಮಾನ್ಯವಾಗಿ ಬೇರೆಯಾಗಿ ಅಚ್ಚುಹಾಕಿ, ರಟ್ಟುಕಟ್ಟುವಾಗ ನಡುವೆ ಸೇರಿಸುತ್ತಿದ್ದರು. ನಿಮ್ಮದಂತೂ ಪುಸ್ತಕದ್ದೇ ಅಲ್ಲ. 1726ರಲ್ಲಿ ಹೋಗಾರ್ತ್ ಈ ಕಾವ್ಯಕ್ಕೆ ಎರಡು ಸಾಲು ಚಿತ್ರ ಮಾಡಿದ: ಕೈಹೊತ್ತಿಗೆಯಂಥ ಆವೃತ್ತಿಗೆ ಪುಟ್ಟವು, ಬಿಡಿಯಾಗಿ ಮಾರಲು 12 ದೊಡ್ಡವು. ಒಂದಡಿಗೂ ಅಗಲವಾದದ್ದು ಆ ದೊಡ್ಡ ಸಾಲಿನದೇ, ಇಲ್ಲವೇ ಅದರ ನಕಲು.

ಇನ್ನು ಕಾಲದ ಮಾತು. ಕಾಗದದಲ್ಲಿ ಗೆರೆ ಕಾಣದು ಎಂದಿರಲ್ಲ, ಪೆನ್ಸಿಲ್ಲಿನ 1726ನ್ನು ಅದೊಂದೇ ಅಳಿಸುತ್ತದೆ. ಆಗಿನ ಕಾಗದದಲ್ಲಿ, ಅದರ ತಿರುಳನ್ನು ನೀರಿನಿಂದ ಎತ್ತುವ ಚೌಕಟ್ಟಿನ ತಂತಿಗಳ ಗೆರೆ ಬೆಳಕಿಗೆ ಕಾಣುತ್ತವೆ: ಒತ್ತೊತ್ತಾದ ಸಣ್ಣ ಗೆರೆ, ಅದಕ್ಕೆ ಅಡ್ಡಲಾಗಿ ಸುಮಾರು ಒಂದಂಗುಲಕ್ಕೊಂದು ದಪ್ಪ ಗೆರೆ. ಗೆರೆಯಿಲ್ಲದ ನೇಯ್ದ ಜಾಲರಿಯ ಕಾಗದ ಇಂಗ್ಲೆಂಡಿನ ಪುಸ್ತಕದಲ್ಲಿ ಮೊದಲು ಬಂದದ್ದು 1757ರಲ್ಲಿ, ಮುದ್ರಕ ಬಾಸ್ಕರ್‌ವಿಲ್ ಅಚ್ಚಿಸಿದ ರೋಮನ್ ಕವಿ ವರ್ಜಿಲನ ಕೃತಿಯಲ್ಲಿ. ನಿಮ್ಮ ಹಾಳೆ ಅದಕ್ಕೂ ಈಚಿನದು. 1822ರ ಸುಮಾರಿಗೆ ಕೆತ್ತನೆಗಾರ ಜೇಮ್ಸ್ ಹೀತ್ ಹೋಗಾರ್ತನ ಸವೆದ ಫಲಕಗಳನ್ನು ಮರುಕೆತ್ತಿದ. ಅವುಗಳ ಮುದ್ರಣದಲ್ಲಿ ಗೆರೆ ಒರಟಾದರೂ ಕಪ್ಪಗಿರುತ್ತದೆ. ನಿಮ್ಮದು ಮಂಕಾಗಿರುವುದರಿಂದ ಅದೂ ಇರಲಾರದು ಎಂದು ನನ್ನ ಊಹೆ.

ನಕಲಿನ ಸಂಶಯಕ್ಕೂ ಕಾರಣವಿದೆ. ಕೆತ್ತನೆಗೆ ಕಾನೂನಿನ ರಕ್ಷಣೆ ಬಂದದ್ದು 1735ರಲ್ಲಿ. ಅವಧಿ 14 ವರ್ಷ. ಕದ್ದು ಅಚ್ಚುಹಾಕಿದರೆ ಹಾಳೆಗೆ 5 ಷಿಲ್ಲಿಂಗ್ ದಂಡ. ಅದಕ್ಕಾಗಿ ಓಡಾಡಿದವರಲ್ಲಿ ಹೋಗಾರ್ತನೇ ಮುಂದಾಳು. 1726ರ ಚಿತ್ರಗಳಿಗೆ ಆ ಆಸರೆ ಇರಲಿಲ್ಲ, ಯಾರು ಬೇಕಾದರೂ ನಕಲು ಕೆತ್ತಬಹುದಿತ್ತು. ಚಿತ್ರವನ್ನು ಹಾಗೆಯೇ ನೋಡಿ ತಾಮ್ರಕ್ಕಿಳಿಸಿದರೆ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಬ್ರಿಟಿಷ್ ಮ್ಯೂಸಿಯಂನ ಜಾಲತಾಣದಲ್ಲಿರುವ ಪ್ರತಿಯ ಪಕ್ಕಕ್ಕಿಟ್ಟು ನೋಡಿ. ಕುದುರೆ ಎದುರು ದಿಕ್ಕಿಗೆ ಹೊರಟಿದ್ದರೆ ನಿಮ್ಮದು ನಕಲೇ.

ಟಾರ್ಚನ್ನು ಹಾಳೆಯ ಮಟ್ಟಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲೂ ನೋಡಿ. ತಾಮ್ರದ ಅಚ್ಚಾದರೆ ದಪ್ಪ ಗೆರೆಗಳ ಮಸಿ ಕೂದಲೆಳೆಯಷ್ಟು ಉಬ್ಬಿರುತ್ತದೆ, ಅಂಚು ಕತ್ತರಿಸದಿದ್ದರೆ ಸುತ್ತ ಫಲಕದ ತಗ್ಗೂ ಕಾಣುತ್ತದೆ. ಎರಡೂ ಇಲ್ಲದೆ ಬರೀ ಚಪ್ಪಟೆಯಾಗಿದ್ದರೆ ಅದು ಈಚಿನ ಪ್ರತಿಮುದ್ರಣ.

ಬ್ಲೀಚ್ ಬೇಡ. ಇಲ್ಲದ ಗೆರೆಯನ್ನು ಅದು ತರಲಾರದು, ಸರಿಯಾಗಿ ತೊಳೆಯದಿದ್ದರೆ ಕಾಗದದ ನಾರನ್ನೂ ತಿನ್ನುತ್ತದೆ. ಸುಕ್ಕು ಬಿಡಿಸಲು ಇಸ್ತ್ರಿಯನ್ನೂ ಇಡಬೇಡಿ. ಉಬ್ಬಿದ ಮಸಿಯೂ ಫಲಕದ ತಗ್ಗೂ ಚಪ್ಪಟೆಯಾದರೆ ಆಮೇಲೆ ಟಾರ್ಚ್ ಹಿಡಿದು ನೋಡಲು ಏನೂ ಉಳಿದಿರುವುದಿಲ್ಲ.

— ಸಂ.