ಒಂದೇ ಪ್ರಕರಣಕ್ಕೆ ಎರಡು ನ್ಯಾಯ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ವಿದೇಶಿ ಕಂಪನಿಯೊಂದು ನಮ್ಮ ಸರ್ಕಾರವನ್ನು ಹೊರದೇಶದಲ್ಲಿ ಮೂವರು ಖಾಸಗಿ ಮಧ್ಯಸ್ಥಗಾರರ ಮುಂದೆ ನಿಲ್ಲಿಸುವುದು ಸಾರ್ವಭೌಮತೆಗೆ ಅವಮಾನವಲ್ಲವೇ? ಇದಕ್ಕೆ ದಾರಿ ಮಾಡಿಕೊಡುವ, ದೇಶ ದೇಶಗಳ ನಡುವಿನ ಹೂಡಿಕೆ ಒಪ್ಪಂದಗಳನ್ನೆಲ್ಲ ರದ್ದುಪಡಿಸುವುದು ಬಿಟ್ಟು ವಿಯೆನ್ನಾದಲ್ಲಿ ಸುಧಾರಣೆಯ ಮಾತುಕತೆ ಏಕೆ?’

ಮಾನ್ಯರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಪುರಾವೆ ಬೆಂಗಳೂರಿನಲ್ಲೇ ಇದೆ. ಇಸ್ರೊದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ 2005ರಲ್ಲಿ ದೇವಾಸ್ ಮಲ್ಟಿಮೀಡಿಯಾ ಜೊತೆ ಉಪಗ್ರಹ ಸಂವಹನಕ್ಕೆ ಬಳಸುವ ಎಸ್-ಬ್ಯಾಂಡ್ ತರಂಗಾಂತರದ ಒಪ್ಪಂದ ಮಾಡಿಕೊಂಡಿತು. 2011ರಲ್ಲಿ ಸರ್ಕಾರ ದೇಶದ ಭದ್ರತೆಯ ಕಾರಣ ಕೊಟ್ಟು ಅದನ್ನು ರದ್ದುಪಡಿಸಿತು. ಆಮೇಲೆ ಆ ಒಂದೇ ಒಪ್ಪಂದದಿಂದ ಮೂರು ವ್ಯಾಜ್ಯಗಳು ಹುಟ್ಟಿದವು. ದೇವಾಸ್ ಆಂಟ್ರಿಕ್ಸ್ ವಿರುದ್ಧ ಹೂಡಿದ್ದು ಒಂದು; ದೇವಾಸ್‌ನ ಮಾರಿಷಸ್ ಹೂಡಿಕೆದಾರರು ಮತ್ತು ಅದರಲ್ಲಿ ಬಂಡವಾಳ ಹೂಡಿದ್ದ ಜರ್ಮನಿಯ ಡಾಯ್ಚ ಟೆಲಿಕಾಮ್, ಆ ಎರಡು ದೇಶಗಳ ಜೊತೆ ಭಾರತ ಮಾಡಿಕೊಂಡಿದ್ದ ಬೇರೆ ಬೇರೆ ಹೂಡಿಕೆ ಒಪ್ಪಂದಗಳ ಬಲದಿಂದ ಭಾರತ ಸರ್ಕಾರದ ವಿರುದ್ಧ ಹೂಡಿದ್ದು ಇನ್ನೆರಡು. ಮಾರಿಷಸ್ ಪ್ರಕರಣದ ಮಧ್ಯಸ್ಥಗಾರರ ಮಂಡಳಿ, ತರಂಗಾಂತರದ ಶೇ 60 ಭಾಗಕ್ಕೆ ಭದ್ರತೆಯ ವಾದವನ್ನು ಬಹುಮತದಿಂದ ಒಪ್ಪಿತು. ಜರ್ಮನ್ ಪ್ರಕರಣದ ಮಂಡಳಿ ಅದೇ ವಾದವನ್ನು ತಳ್ಳಿಹಾಕಿತು. ಘಟನೆ ಒಂದೇ, ಸರ್ಕಾರದ ನಿರ್ಧಾರವೂ ಒಂದೇ. ಇವೆರಡರಲ್ಲಿ ಯಾವುದು ಸರಿ ಎಂದು ಹೇಳಲು ಮೇಲ್ಮನವಿಯ ಪೀಠವೇ ಇಲ್ಲ. ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಇದೇ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ ಹೊರಬರಬಾರದೇ? ಬಂದಾಗಿದೆ. 2016-17ರ ಹೊತ್ತಿಗೆ ಭಾರತ ಐವತ್ತಕ್ಕೂ ಹೆಚ್ಚು ದೇಶಗಳಿಗೆ ಹೂಡಿಕೆ ಒಪ್ಪಂದ ಮುಕ್ತಾಯದ ನೋಟಿಸ್ ಕೊಟ್ಟಿತು. ಆದರೆ ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಷರತ್ತು ಇರುತ್ತದೆ: ಒಪ್ಪಂದ ಮುಗಿದರೂ ಅದಕ್ಕೂ ಮೊದಲು ಬಂದ ಹೂಡಿಕೆಗೆ ಹತ್ತು ಹದಿನೈದು ವರ್ಷ ರಕ್ಷಣೆ ಮುಂದುವರಿಯುತ್ತದೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಹೊರದೇಶದಲ್ಲಿ ಬಂಡವಾಳ ಹೂಡುವ ನಮ್ಮ ಕಂಪನಿಗಳಿಗೂ ರಕ್ಷಣೆ ಬೇಕು ಎಂಬುದನ್ನು ಮರೆಯುವಂತಿಲ್ಲ.

ಕಹಿಯಾದ ಇನ್ನೊಂದು ಮಾತನ್ನೂ ಹೇಳಬೇಕು. 2011ರಲ್ಲಿ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಎದುರು ಭಾರತ ಸೋತದ್ದು ಮಧ್ಯಸ್ಥಗಾರರ ಕುತಂತ್ರದಿಂದಲ್ಲ. ಕೋಲ್ ಇಂಡಿಯಾ ವಿರುದ್ಧ ಆ ಕಂಪನಿ ಪಡೆದಿದ್ದ ಮಧ್ಯಸ್ಥಿಕೆ ತೀರ್ಪು ಜಾರಿಯಾಗದೆ ನಮ್ಮ ನ್ಯಾಯಾಲಯಗಳಲ್ಲಿ ಒಂಬತ್ತು ವರ್ಷ ಕೊಳೆಯಿತು. ‘ಮೊದಲು ಭಾರತದ ಕೋರ್ಟಿಗೆ ಬನ್ನಿ’ ಎಂದು ಕೇಳುವ ನೈತಿಕ ಬಲ ನಮಗೆ ಬೇಕಾದರೆ ಆ ಕೋರ್ಟುಗಳಿಗೆ ನ್ಯಾಯಾಧೀಶರನ್ನೂ ಸಿಬ್ಬಂದಿಯನ್ನೂ ಕೊಡಬೇಕು.

ಇನ್ನು ಮಾತುಕತೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗದ ಮೂರನೇ ಕಾರ್ಯಗುಂಪು 2017ರಿಂದ ವಿಯೆನ್ನಾ ಮತ್ತು ನ್ಯೂಯಾರ್ಕ್‌ಗಳಲ್ಲಿ ಈ ವ್ಯವಸ್ಥೆಯ ಸುಧಾರಣೆಯನ್ನು ಚರ್ಚಿಸುತ್ತಿದೆ. ಒಂದು ಪ್ರಕರಣದಲ್ಲಿ ತೀರ್ಪುಗಾರನಾದವನು ಅದಕ್ಕೆ ಸಂಬಂಧಿಸಿದ ಇನ್ನೊಂದರಲ್ಲಿ ವಕೀಲನಾಗುವುದಕ್ಕೆ ಕಡಿವಾಣ ಹಾಕುವ ನೀತಿಸಂಹಿತೆ 2023ರಲ್ಲಿ ಅಂಗೀಕಾರವಾಯಿತು. ಬಡ ದೇಶಗಳಿಗೆ ಕಾನೂನು ನೆರವು ನೀಡುವ ಸಲಹಾ ಕೇಂದ್ರಕ್ಕೆ 2024ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿತು. ಐರೋಪ್ಯ ಒಕ್ಕೂಟ ಕೇಳುತ್ತಿರುವ ಕಾಯಂ ನ್ಯಾಯಾಲಯದ ವಿಷಯದಲ್ಲಿ ದೇಶಗಳ ನಡುವೆ ಒಮ್ಮತವಿಲ್ಲ. ಪೂರ್ಣ ನ್ಯಾಯಾಲಯ ಸಾಧ್ಯವಾಗದಿದ್ದರೂ ಮೇಲ್ಮನವಿಯ ಪೀಠವಾದರೂ ಬೇಕೆಂದು ಭಾರತ ಅಲ್ಲಿ ಪಟ್ಟು ಹಿಡಿಯಬೇಕು. ದೇವಾಸ್ ಪ್ರಕರಣದ ಎರಡು ತೀರ್ಪುಗಳನ್ನು ಮುಂದಿಟ್ಟು ವಾದಿಸಲು ನಮಗಿಂತ ಹೆಚ್ಚಿನ ಹಕ್ಕು ಬೇರಾರಿಗಿದೆ?

– ಸಂಪಾದಕ