ಕ್ಯಾಂಪರ್ ವ್ಯಾನಿನ ಫ್ರಿಜ್ ಬೆಳಗಿನ ಜಾವ ನಿಲ್ಲುತ್ತಿದ್ದರೆ ಮೊದಲು ವೈರ್ ಅಳೆಯಿರಿ

ಸರ್, ಎರಡನೇ ಸೋಲಾರ್ ಪ್ಯಾನೆಲ್ ತರುವುದನ್ನು ಸ್ವಲ್ಪ ತಡೆಯಿರಿ. ನೀವು ಬರೆದಂತೆ 200 ವ್ಯಾಟ್ ಪ್ಯಾನೆಲ್, 150 ಎಎಚ್ (ಆಂಪ್-ಅವರ್, ಅಂದರೆ ಆಂಪ್ಸ್ ಗುಣಿಸು ಗಂಟೆ) ಲೆಡ್ ಆಸಿಡ್ ಬ್ಯಾಟರಿ, ಸಂಜೆಗೆ ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರ್ ಫುಲ್ ತೋರಿಸುತ್ತೆ, ಆದರೂ 12 ವೋಲ್ಟ್ ಫ್ರಿಜ್ ಬೆಳಗಿನ ಜಾವ ಲೋ ವೋಲ್ಟೇಜ್ ಎಂದು ನಿಲ್ಲುತ್ತೆ.

ಬ್ಯಾಟರಿ ನಿಜಕ್ಕೂ ತುಂಬಿದ್ದರೆ ಹೀಗಾಗಬಾರದು. 45 ವ್ಯಾಟ್ ಕಂಪ್ರೆಸರ್ ಓಡುವಾಗ ಸುಮಾರು 4 ಆಂಪ್ಸ್ ಎಳೆಯುತ್ತೆ. ಅರ್ಧ ಹೊತ್ತು ಓಡಿದರೂ 12 ಗಂಟೆಗೆ 24 ಎಎಚ್. ಲೈಟು, ಫ್ಯಾನು ಸೇರಿ 35 ಅನ್ನಿ. ಲೆಡ್ ಆಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗಿಳಿಸಬಾರದು ಅಂದುಕೊಂಡರೂ 75 ಎಎಚ್ ಕೈಯಲ್ಲಿದೆ.

ನನ್ನ ಅನುಮಾನ ವೈರ್ ಮೇಲೆ. ಬ್ಯಾಟರಿಯಿಂದ ಫ್ರಿಜ್ 6 ಮೀಟರ್ ದೂರ, 1.5 ಸ್ಕ್ವೇರ್ ಎಂಎಂ ವೈರ್ ಅಂದಿದ್ದೀರಿ. ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ ಲೆಕ್ಕಕ್ಕೆ 12 ಮೀಟರ್. ತಾಮ್ರದ ರೆಸಿಸ್ಟೆನ್ಸ್ (1 ಸ್ಕ್ವೇರ್ ಎಂಎಂ ವೈರ್‌ಗೆ ಮೀಟರಿಗೆ 0.0175 ಓಮ್) ತೆಗೆದುಕೊಂಡು, ಅದನ್ನು 12ರಿಂದ ಗುಣಿಸಿ 1.5ರಿಂದ ಭಾಗಿಸಿದರೆ 0.14 ಓಮ್. 4 ಆಂಪ್ಸಿಗೆ 0.56 ವೋಲ್ಟ್ ದಾರಿಯಲ್ಲೇ ಕಳೆಯಿತು. ಫ್ರಿಜ್ ಪ್ಲಗ್ ಹಾಕುವ ಸಿಗರೇಟ್ ಲೈಟರ್ ಸಾಕೆಟ್ ಸಡಿಲವಿದ್ದರೆ ಇನ್ನೂ ಒಂದಿಷ್ಟು. ಬ್ಯಾಟರಿಯಲ್ಲಿ 12.2 ಇದ್ದಾಗ ಫ್ರಿಜ್‌ಗೆ ಸಿಗುವುದು 11.5ರ ಆಸುಪಾಸು. ಬ್ಯಾಟರಿ ಪೂರ್ತಿ ಇಳಿಯದಂತೆ ಫ್ರಿಜ್ ತಾನೇ ನಿಲ್ಲುವ 'ಬ್ಯಾಟರಿ ಪ್ರೊಟೆಕ್ಷನ್' ಸೆಟ್ಟಿಂಗ್ 'ಹೈ'ನಲ್ಲಿದ್ದರೆ ಹಲವು ಫ್ರಿಜ್‌ಗಳು 11.8ರ ಹತ್ತಿರವೇ ಕಟ್ ಆಗುತ್ತವೆ.

ಕಂಪ್ರೆಸರ್ ಓಡುತ್ತಿರುವಾಗಲೇ ಮಲ್ಟಿಮೀಟರ್‌ನಿಂದ ಎರಡು ಕಡೆ ಅಳೆಯಿರಿ: ಬ್ಯಾಟರಿ ಟರ್ಮಿನಲ್ ಮೇಲೆ, ಆಮೇಲೆ ಫ್ರಿಜ್ ಪ್ಲಗ್ ಹತ್ತಿರ. ಕಂಪ್ರೆಸರ್ ನಿಂತಿರುವಾಗ ಅಳೆದರೆ ಎರಡೂ ಒಂದೇ ತೋರಿಸುತ್ತೆ, ಏನೂ ಗೊತ್ತಾಗಲ್ಲ. ವ್ಯತ್ಯಾಸ 0.3 ದಾಟಿದರೆ 6 ಸ್ಕ್ವೇರ್ ಎಂಎಂ ವೈರ್ ಎಳೆಯಿರಿ, ನಷ್ಟ 0.14ಕ್ಕೆ ಇಳಿಯುತ್ತೆ. ಪಾಸಿಟಿವ್, ನೆಗೆಟಿವ್ ಎರಡೂ ಹೊಸದಾಗಿರಲಿ. ನೆಗೆಟಿವ್‌ಗೆ ವೈರ್ ಬದಲು ವ್ಯಾನಿನ ಲೋಹದ ಬಾಡಿಯನ್ನೇ (ಬಾಡಿ ಅರ್ಥ್) ನಂಬಬೇಡಿ, ತುಕ್ಕು ಹಿಡಿದ ದಿನ ಇದೇ ತೊಂದರೆ ವಾಪಸ್ ಬರುತ್ತೆ. ವೈರ್ ತುದಿಯ ಲೋಹದ ಲಗ್‌ಗಳನ್ನು ಸರಿಯಾದ ಟೂಲ್‌ನಲ್ಲಿ ಒತ್ತಿ ಕ್ರಿಂಪ್ ಮಾಡಿ, ಗಟ್ಟಿಯಾಗಿ ಎಳೆದು ನೋಡಿ. 15 ಆಂಪ್ಸ್ ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ ಗೇಣುದ್ದದೊಳಗೇ ಇರಲಿ. ಫ್ಯೂಸ್‌ಗೂ ಬ್ಯಾಟರಿಗೂ ನಡುವಿನ ವೈರ್ ಶಾರ್ಟ್ ಆದರೆ ಕಾಯುವವರು ಯಾರೂ ಇಲ್ಲ. ಲೈಟರ್ ಸಾಕೆಟ್ ತೆಗೆದು ಬಿಗಿಯಾಗಿ ಕೂರುವ ಆಂಡರ್ಸನ್ ಕನೆಕ್ಟರ್ ಹಾಕಿ.

ವ್ಯತ್ಯಾಸ ಕಡಿಮೆ ಬಂದರೆ ಬ್ಯಾಟರಿಯನ್ನೇ ನೋಡಬೇಕು. ಕಂಟ್ರೋಲರಿನ 'ಫುಲ್' ಬರೀ ವೋಲ್ಟೇಜ್ ನೋಡಿ ಹೇಳುವ ಮಾತು. ಪ್ಯಾನೆಲ್, ಲೋಡ್ ಎರಡೂ ಬಿಚ್ಚಿ ನಾಲ್ಕೈದು ಗಂಟೆ ಬಿಟ್ಟು ಅಳೆಯಿರಿ, 12.6ಕ್ಕಿಂತ ಕಡಿಮೆಯಿದ್ದರೆ ಅದು ತುಂಬಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಇಟ್ಟರೂ ಗಂಟೆಗೆ ಒಂದು ಎಎಚ್‌ವರೆಗೆ ತಿನ್ನಬಹುದು, ಮಲಗುವ ಮುಂಚೆ ಸ್ವಿಚ್‌ನಲ್ಲೇ ಆಫ್ ಮಾಡಿ.

ಕೆಲವರು ಲಿಥಿಯಂ ಬ್ಯಾಟರಿ ಹಾಕಿ ಅನ್ನುತ್ತಾರೆ. ಒಳ್ಳೆಯದೇ, ಆದರೆ ಅದು ಬಹುಹೊತ್ತು 13 ವೋಲ್ಟ್ ಆಸುಪಾಸಿನಲ್ಲೇ ಇರುವುದರಿಂದ ಫ್ರಿಜ್ ನಿಲ್ಲಲ್ಲ, ಸಡಿಲ ಸಾಕೆಟ್ ಬಿಸಿಯಾಗುವುದು ಮಾತ್ರ ಹಾಗೇ ಮುಂದುವರಿಯುತ್ತೆ. ಲಿಥಿಯಂ ಬ್ಯಾಟರಿಯನ್ನು ಎಂಜಿನ್ ಆಲ್ಟರ್ನೇಟರ್‌ನಿಂದಲೂ ಚಾರ್ಜ್ ಮಾಡುವುದಾದರೆ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು.

ಮೋಡದ ದಿನಗಳಿಗೆ ಎರಡನೇ ಪ್ಯಾನೆಲ್ ಉಪಯೋಗಕ್ಕೆ ಬರುತ್ತೆ, ಅದು ನಿಜ. ಆದರೆ 400 ವ್ಯಾಟ್‌ಗೆ 28 ಆಂಪ್ಸ್ ತನಕ ಬರಬಹುದು, ನಿಮ್ಮ 20 ಆಂಪ್ಸ್ ಕಂಟ್ರೋಲರ್ ಸಾಲದು. ಕಂಟ್ರೋಲರ್ ಬದಲಿಸಲು ವೈರ್ ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ.